ಶಿಯಾ ಬೆಣ್ಣೆಯೂ ಮುರುಗಲ ತುಪ್ಪವೂ

ಶಿರಸಿಯಿಂದ ಓದುಗರೊಬ್ಬರು ಕೇಳಿದ್ದಾರೆ: "ಮಗಳು ಆನ್‌ಲೈನಲ್ಲಿ ಶಿಯಾ ಬೆಣ್ಣೆ ತರಿಸಿದ್ದಾಳೆ. ಆಫ್ರಿಕಾದ ಮರದ್ದಂತೆ, ಚರ್ಮಕ್ಕೆ ಔಷಧಿಯಂತೆ. ಹಳ್ಳಿ ಹೆಂಗಸರ ನಂಬಿಕೆಯನ್ನು ಡಬ್ಬಿಗೆ ತುಂಬಿ ಮಾರುವುದಲ್ಲವೇ ಇದು? ಕಲ್ಲಿನಂತೆ ಗಟ್ಟಿಯಾಗಿದೆ ಬೇರೆ, ಕೆಟ್ಟಿದೆಯೋ ಏನೋ."

ನಿಮ್ಮ ಅನುಮಾನ ಪೂರ್ತಿ ತಪ್ಪಲ್ಲ. ಸಕಲ ರೋಗಕ್ಕೂ ಇದೇ ಮದ್ದು ಅಂತ ಡಬ್ಬಿ ಮೇಲೆ ಬರೆದಿದ್ದರೆ ನಂಬಬೇಡಿ. ಆದರೆ 'ಹಳ್ಳಿ ಹೆಂಗಸರ ನಂಬಿಕೆ' ಅಂತ ಮೂಗು ಮುರಿದಿರಲ್ಲ, ಅದು ನನಗೆ ಹಿಡಿಸಲಿಲ್ಲ ಮಾರಾಯ್ರೆ.

ಈ ಮರ ಸೆನೆಗಲ್‌ನಿಂದ ಉಗಾಂಡದವರೆಗಿನ ಒಣ ಬಯಲಲ್ಲಿ ತಾನಾಗಿ ಹುಟ್ಟುತ್ತದೆ. ಕಾಯಿ ಬಿಡಲು 15-20 ವರ್ಷ ಬೇಕು. ಹಾಗಾಗಿ ನೆಡುವವರು ಕಮ್ಮಿ, ಹೊಲ ಮಾಡುವಾಗ ಕಡಿಯದೆ ಉಳಿಸಿಕೊಳ್ಳುವವರೇ ಜಾಸ್ತಿ. ಘಾನಾದ ಉತ್ತರ ಭಾಗ, ಬುರ್ಕಿನಾ ಫಾಸೊ, ಮಾಲಿ, ಎಲ್ಲಿ ನೋಡಿದರೂ ಬೆಣ್ಣೆ ತೆಗೆಯುವುದು ಹೆಂಗಸರೇ. ಉದುರಿದ ಕಾಯಿ ಆರಿಸಿ, ಬೀಜ ಬೇಯಿಸಿ, ಒಣಗಿಸಿ, ಸಿಪ್ಪೆ ಬಿಡಿಸಿ, ಹುರಿದು, ಅರೆದು, ಆ ಕಂದು ಹಿಟ್ಟಿಗೆ ನೀರು ಹಾಕಿ ಕೈಯಲ್ಲೇ ಕಲಸುತ್ತಾ ಹೋಗುತ್ತಾರೆ, ತೋಳು ಬಿದ್ದುಹೋಗುವಷ್ಟು ಹೊತ್ತು. ಆಮೇಲೆ ಬಿಳಿ ಜಿಡ್ಡು ಮೇಲೆ ತೇಲುತ್ತದೆ. ಅದನ್ನು ಕಾಯಿಸಿ ಸೋಸಿದರೆ ಬೆಣ್ಣೆ. ಅಡುಗೆಗೂ ಅದೇ, ಹಸುಗೂಸಿನ ಮೈಗೂ ಅದೇ, ಸಹಾರಾ ಕಡೆಯಿಂದ ಒಣಗಾಳಿ ಬೀಸುವಾಗ ಒಡೆದ ತುಟಿಗೂ ಹಿಮ್ಮಡಿಗೂ ಅದೇ. ಸ್ಟಿಯರಿಕ್, ಓಲಿಯಿಕ್ ಎಂಬ ಕೊಬ್ಬಿನ ಆಮ್ಲಗಳೇ ತುಂಬಿರುವ ಈ ಜಿಡ್ಡು ಚರ್ಮದ ತೇವ ಆರದಂತೆ ಕಾಯುತ್ತದೆ. ಇದರಲ್ಲಿ ನಂಬಿಕೆಯ ಪ್ರಶ್ನೆ ಎಲ್ಲಿ ಬಂತು?

1352ರಲ್ಲಿ ಮಾಲಿಗೆ ಹೊರಟ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ ಈ ಎಣ್ಣೆಯಲ್ಲಿ ಅಡುಗೆ ಮಾಡುವುದನ್ನು, ದೀಪ ಉರಿಸುವುದನ್ನು, ಮೈಗೆ ಹಚ್ಚುವುದನ್ನು ಬರೆದಿಟ್ಟಿದ್ದಾನೆ. 1796ರಲ್ಲಿ ಸ್ಕಾಟ್ಲೆಂಡಿನ ಪ್ರವಾಸಿ ಮಂಗೊ ಪಾರ್ಕ್ ಇದನ್ನು ತಿಂದು, ಹಸುವಿನ ಬೆಣ್ಣೆಗಿಂತ ರುಚಿ, ಉಪ್ಪು ಹಾಕದಿದ್ದರೂ ವರ್ಷವಿಡೀ ಕೆಡದು ಎಂದ. ಸಸ್ಯಶಾಸ್ತ್ರಜ್ಞರು ಮರಕ್ಕೆ ಅವನ ಹೆಸರನ್ನೇ ಅಂಟಿಸಿಬಿಟ್ಟರು. ಕಲಸಿದ ಹೆಂಗಸರನ್ನು ಕೇಳುವವರಾರು!

ನಿಮ್ಮ ಊರಿನ ಮುರುಗಲ ತುಪ್ಪ, ಅಂದರೆ ಕೋಕಂ ಬೀಜದ ಜಿಡ್ಡು, ಅದರ ಕಥೆಯೂ ಇದೇ ಅಲ್ವಾ? ಹಿಮ್ಮಡಿ ಒಡೆದಾಗ ಅಜ್ಜಿ ಹಚ್ಚಿದರೆ ಹಳೇಕಾಲದ್ದು. ಅದೇ ತುಪ್ಪ ಇಂಗ್ಲಿಷ್ ಚೀಟಿ ಅಂಟಿಸಿಕೊಂಡು ಬಂದರೆ ಸುಮ್ನೆ ದುಡ್ಡು ಕೊಡುತ್ತೇವೆ. ಯುರೋಪ್ ಒಕ್ಕೂಟದ 2000ದ ಚಾಕೊಲೇಟ್ ನಿಯಮ ಕೋಕೊ ಬೆಣ್ಣೆಯ ಜೊತೆ ಶೇಕಡಾ 5ರವರೆಗೆ ಬೆರೆಸಲು ಆರು ಜಿಡ್ಡುಗಳಿಗೆ ಒಪ್ಪಿಗೆ ಕೊಟ್ಟಿದೆ. ಅದರಲ್ಲಿ ಶಿಯಾನೂ ಇದೆ, ನಿಮ್ಮ ಮುರುಗಲೂ ಇದೆ. ಅವರಿಗೆ ಗೊತ್ತಿರುವ ಬೆಲೆ ಶಿರಸಿಯಲ್ಲಿ ಕೂತ ನಿಮಗೆ ಗೊತ್ತಿಲ್ಲ ಅಂದರೆ ಏನು ಹೇಳಲಿ?

ಡಬ್ಬಿ ಕೆಟ್ಟಿಲ್ಲ. ಈ ಬೆಣ್ಣೆ ಇರುವುದೇ ಗಟ್ಟಿ. ಉಗುರಿನಲ್ಲಿ ಕೆರೆದು ಅಂಗೈಯಲ್ಲಿ ಉಜ್ಜಿ, ಕರಗುತ್ತದೆ. ಮಗಳನ್ನು ಬೈಯಬೇಡಿ.