ಅಡವು ಸರಿ ಇದ್ದೂ ಅಭಿನಯ ಬರ್ತಿಲ್ಲ ಅಂದ್ರೆ

ತೊಂದರೆ ಬಹುಶಃ ಮುಖದಲ್ಲಿಲ್ಲ, ಮಾತಿನಲ್ಲಿದೆ. ನಿಮ್ಮ ಜರ್ಮನ್ ಗೆಳತಿ ಮೂರು ವರ್ಷ ಭರತನಾಟ್ಯ ಕಲಿತಿದ್ದಾರೆ, ಅಡವು (ಕುಣಿತದ ಮೂಲ ಹೆಜ್ಜೆಗಳು), ತಾಳ ಎಲ್ಲ ಕೂತಿದೆ, ದೇವರನಾಮ ಬಂದರೆ ಮಾತ್ರ ಬಿಗಿಯಾಗ್ತಾರೆ, ಇದನ್ನೇ ವೃತ್ತಿ ಮಾಡಿಕೊಳ್ಳಬಹುದಾ ಅಂತ ಕೇಳಿದ್ದೀರಿ. ನನ್ನ ಹತ್ತಿರ ಕಲಿತ ಫ್ರೆಂಚ್ ಹುಡುಗಿಗೂ ಹೀಗೇ ಆಗಿತ್ತು. ಹಾಡಿನ ಸಾರಾಂಶವನ್ನಷ್ಟೇ ಇಂಗ್ಲಿಷಿನಲ್ಲಿ ಬರೆದುಕೊಂಡು ಕುಣಿಯುತ್ತಿದ್ದಳು.

ಮೊದಲು ಕುಣಿತ ನಿಲ್ಲಿಸಿ. ಒಂದೇ ಹಾಡು ತೊಗೊಂಡು ಪದ ಪದ ಬಿಡಿಸಿ ಹೇಳಿ. 'ಬಾರೋ'ಗೂ 'ಬನ್ನಿ'ಗೂ ಇರುವ ವ್ಯತ್ಯಾಸ ಗೊತ್ತಿಲ್ಲದೆ ಮಗುವನ್ನು ಕರೆಯೋ ಕೈ ಬರೋದೇ ಇಲ್ಲ. ಆಮೇಲೆ ಅವರೇ ಕೂತು ಹಾಡಲಿ, ಶ್ರುತಿ ತಪ್ಪಿದರೂ ಪರವಾಗಿಲ್ಲ. ನಂತರ ಗಾಂಧಿ ಬಜಾರಿಗೆ ಕರೆದುಕೊಂಡು ಹೋಗಿ, ಹೂವಿನವರ ಮುಂದೆ ಅರ್ಧ ಗಂಟೆ ಸುಮ್ನೆ ನಿಲ್ಲಿಸಿ. ದಾರ ಬೆರಳಿಗೆ ಸುತ್ತಿ, ಮಲ್ಲಿಗೆ ಇಟ್ಟು, ಗಂಟು ಎಳೀತಾ ಇದ್ದರೂ ಅವರ ಕಣ್ಣು ಗಿರಾಕಿ ಮೇಲೇ ಇರುತ್ತೆ ಅಲ್ವಾ, ನನ್ನ ಹುಡುಗಿ ಅದನ್ನು ನೋಡಿದ ಮೇಲೇ ಹೂ ಕಟ್ಟೋ ಹಸ್ತದಿಂದ ಕಣ್ಣು ಎತ್ತಿದ್ದು. ಕನ್ನಡಿ ಮುಂದಿನ ಅಭ್ಯಾಸ ಕೊನೆಗೆ ಸಾಕು.

ವೃತ್ತಿ ಖಂಡಿತ ಸಾಧ್ಯ. ಇಲಿಯಾನಾ ಚಿತಾರಿಸ್ತಿ ಇಟಲಿಯವರು. 1979ರಲ್ಲಿ ಒಡಿಶಾಗೆ ಬಂದು, ಕೇಳುಚರಣ ಮಹಾಪಾತ್ರ ಅವರ ಹತ್ತಿರ ಒಡಿಸ್ಸಿ ಕಲಿತು ಅಲ್ಲೇ ನೆಲೆಸಿದರು, 2006ರಲ್ಲಿ ಪದ್ಮಶ್ರೀ ಬಂತು. ಬಂದು ಹೋಗಿ ಮಾಡುತ್ತಾ ಕಲಿತಿದ್ದಲ್ಲ ಅದು.

ನಿಮ್ಮ ಗೆಳತಿಗೆ ಎಷ್ಟು ತಿಂಗಳು ಹಿಡಿಯುತ್ತೋ ನೋಡದೆ ಹೇಳಲಾರೆ, ನನ್ನ ಹುಡುಗಿಗೆ ಎಂಟು ತಿಂಗಳು ಬೇಕಾಯಿತು. ರಂಗಪ್ರವೇಶದ ದಿನ ಗೊತ್ತು ಮಾಡಿದ್ದರೆ ಈ ವಾರವೇ ಗುರುಗಳ ಹತ್ತಿರ ಮಾತಾಡಿ ಮುಂದಕ್ಕೆ ಹಾಕಿಸಿ.