ಮಳೆಗಾಲಕ್ಕೆ ಹಾಯಿದೋಣಿ ದಡಕ್ಕೆ: ಭಾರ ಎಲ್ಲಿ ಕೂರಬೇಕು?

ಪ್ರಶ್ನೆ: ನಮ್ಮದು 27 ಅಡಿಯ ಫೈಬರ್ ಹಾಯಿದೋಣಿ. ಅಡಿಯಲ್ಲಿ ಸೀಸದ ಕೀಲ್ (ಕೆಳಕ್ಕೆ ಇಳಿದ ಭಾರದ ರೆಕ್ಕೆ) ಇದೆ, ಒಟ್ಟು ತೂಕ ಸುಮಾರು 3 ಟನ್. ಜೂನ್‌ಗೆ ಮುಂಚೆ ಕಾಳಿ ನದಿಯಿಂದ ಎತ್ತಿ ಬೋಟ್ ಯಾರ್ಡ್‌ನಲ್ಲಿ ಇಡಬೇಕು. ಹೈಡ್ರಾ ಕ್ರೇನ್‌ನವರು ಎತ್ತಲು ಎರಡು ಬೆಲ್ಟ್ ಸಾಕು ಅನ್ನುತ್ತಾರೆ. ಯಾರ್ಡ್‌ನವರು ಟ್ರಾಲರ್‌ಗೆ ಮಾಡಿದ ಹಾಗೇ ಚಿರೆಕಲ್ಲು, ದಿಮ್ಮಿ ಕೊಟ್ಟು ನಿಲ್ಲಿಸೋಣ ಅನ್ನುತ್ತಾರೆ. ಒಪ್ಪಬಹುದೇ?
– ಓದುಗರು, ಸದಾಶಿವಗಡ

ಉತ್ತರ: ಹೈಡ್ರಾದವರ ಮಾತು ಅರ್ಧ ಸರಿ. ಯಾರ್ಡ್‌ನವರ ಉಪಾಯ ಟ್ರಾಲರ್‌ಗೆ ಸರಿ, ನಿಮ್ಮ ದೋಣಿಗಲ್ಲ. ಟ್ರಾಲರ್‌ನ ಅಡಿಮರ ಮುಂದಿನಿಂದ ಹಿಂದಿನವರೆಗೂ ಉದ್ದಕ್ಕೆ ಇರುತ್ತದೆ, ದಿಮ್ಮಿಗಳ ಮೇಲೆ ತಾನಾಗಿ ಕೂರುತ್ತದೆ. ಹಾಯಿದೋಣಿಯ ಕೀಲ್ ನಡುವೆ ಮಾತ್ರ ಇಳಿದ ಗಿಡ್ಡ ರೆಕ್ಕೆ. ಮೂತಿ, ಹಿಂಭಾಗ ಎರಡೂ ಗಾಳಿಯಲ್ಲಿ ತೂಗುತ್ತವೆ.

ಮೊದಲು ಎತ್ತುವ ಕೆಲಸ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಾದ್ದರಿಂದ ಮೇ ಕೊನೆಯಲ್ಲಿ ಎಲ್ಲರಿಗೂ ಕ್ರೇನ್ ಬೇಕು, ಎಲ್ಲರಿಗೂ ಜಾಗ ಬೇಕು. ಹಾಗಾಗಿ ಮೇ ನಡುವಿನಲ್ಲೇ ಮುಗಿಸಿ. ಭರತಿ ಬೆಳಗಿನ ಹೊತ್ತಿಗೆ ಬರುವ ದಿನ ಆರಿಸಿ. ನೀರು ಮೇಲಿದ್ದಾಗ ಎತ್ತುವ ಎತ್ತರ ಕಡಿಮೆ, ಮಧ್ಯಾಹ್ನದ ಕಡಲಗಾಳಿಯೂ ಇನ್ನೂ ಎದ್ದಿರುವುದಿಲ್ಲ. ಹಾಯಿ ಕಟ್ಟುವ ಕೂವೆಮರವನ್ನು ಅದೇ ಕ್ರೇನ್‌ನಿಂದ ಮೊದಲು ಇಳಿಸಿಬಿಡಿ. ಕೊಕ್ಕೆಗೆ ಅಡ್ಡ ಬರುವುದಿಲ್ಲ, ಮಳೆಗಾಲದ ಗಾಳಿಗೆ ಸಿಗುವ ಮೈಯೂ ಕಡಿಮೆಯಾಗುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟು ಅನ್ನುವುದು ನೆನಪಿರಲಿ.

ಹೈಡ್ರಾದ ಮೇಲೆ ಬರೆದಿರುವ ಟನ್ ಲೆಕ್ಕ ಬೂಮ್ (ಕ್ರೇನ್‌ನ ತೋಳು) ಮಡಚಿ ಹತ್ತಿರದಿಂದ ಎತ್ತುವಾಗಿನದು. ದಕ್ಕೆಯ ಅಂಚಿನಿಂದ ಆಚೆಗೆ ಬೂಮ್ ಚಾಚಿದಷ್ಟೂ ಅದು ಇಳಿಯುತ್ತದೆ. ಚಾಚಿದ ದೂರಕ್ಕೆ ಎಷ್ಟು ತೂಕ ಅನ್ನುವುದನ್ನು ಚಾಲಕರ ಲೋಡ್ ಚಾರ್ಟ್‌ನಲ್ಲೇ ತೋರಿಸಿ ಅನ್ನಿ. ಬೆಲ್ಟ್‌ನಲ್ಲಿ ಹಳದಿ ಬಣ್ಣದ್ದು 3 ಟನ್‌ನದು, ಹಸಿರು 2, ನೇರಳೆ 1. ಬಣ್ಣ ಮಾಸಿದ್ದರೆ ಲೇಬಲ್ ನೋಡಿ, ಲೇಬಲ್ಲೇ ಇಲ್ಲದಿದ್ದರೆ ಆ ಬೆಲ್ಟ್ ಬೇಡ. ಕೊಕ್ಕೆಯಿಂದ ಇಳಿಯುವ ಬೆಲ್ಟ್‌ನ ಎಳೆಗಳು ಅಗಲಕ್ಕೆ ಹರಡಿದಷ್ಟೂ ಎಳೆತ ಏರುತ್ತದೆ. 3 ಟನ್ ಭಾರವನ್ನು ಎರಡು ಎಳೆಗಳು ನೆಲಕ್ಕೆ 60 ಡಿಗ್ರಿಯಲ್ಲಿ ಹೊತ್ತರೆ ಒಂದೊಂದಕ್ಕೆ ಸುಮಾರು 1.7 ಟನ್ ಬೀಳುತ್ತದೆ. 30 ಡಿಗ್ರಿಗೆ ಮಲಗಿದರೆ ಒಂದೊಂದಕ್ಕೂ ಪೂರ್ತಿ 3 ಟನ್! ಅದರ ಜೊತೆಗೆ ದೋಣಿಯ ಬದಿಗಳನ್ನು ಹಿಂಡುತ್ತವೆ. ಅದಕ್ಕೇ ಬೆಲ್ಟ್‌ಗಳ ನಡುವೆ ಮೇಲೊಂದು ಕಬ್ಬಿಣದ ಅಡ್ಡತೊಲೆ ಬೇಕು. ಹೈಡ್ರಾದವರು ಹೇಳದೆ ಬಿಟ್ಟ ಅರ್ಧ ಇದು.

ಬೆಲ್ಟ್ ಚುಕ್ಕಾಣಿಯ ಮೇಲಾಗಲೀ ಪ್ರೊಪೆಲರ್ ಶಾಫ್ಟ್‌ನ ಮೇಲಾಗಲೀ ಕೂರಬಾರದು. ಮುಂದಿನ ಬೆಲ್ಟ್ ಮೂತಿಯ ಇಳಿಜಾರಿನಲ್ಲಿ ಜಾರಿ ಕಳಚಿಕೊಳ್ಳುವುದೇ ಎತ್ತುವಾಗಿನ ದೊಡ್ಡ ಅಪಾಯ. ಎರಡೂ ಬೆಲ್ಟ್‌ಗಳನ್ನು ಎರಡೂ ಬದಿಯಲ್ಲಿ ಹಗ್ಗದಿಂದ ಒಂದಕ್ಕೊಂದು ಬಿಗಿಯಿರಿ. ನೀರಿನಿಂದ ಒಂದು ಗೇಣು ಎದ್ದ ಮೇಲೆ ನಿಲ್ಲಿಸಿ, ಮೂತಿ ಬಾಗಿದೆಯೇ ನೋಡಿ, ಬಾಗಿದ್ದರೆ ಇಳಿಸಿ ಬೆಲ್ಟ್ ಸರಿಸಿ. ಸರಿಯಾದ ಜಾಗ ಸಿಕ್ಕ ಮೇಲೆ ದೋಣಿಯ ಅಂಚಿಗೆ ಟೇಪ್ ಅಂಟಿಸಿಡಿ, ಆಗಸ್ಟ್‌ನಲ್ಲಿ ಇಳಿಸುವಾಗ ಬೇಕಾಗುತ್ತದೆ. ದೋಣಿ ನೇತಾಡುತ್ತಿರುವಾಗ ಅದರ ಮೇಲೂ ಬೇಡ, ಕೆಳಗೂ ಬೇಡ, ಯಾರೂ.

ಇನ್ನು ನಿಲ್ಲಿಸುವುದು. ಇಡೀ ಭಾರ ಕೀಲ್‌ನ ಮೇಲೆ ಕೂರಬೇಕು. ಸುತ್ತಲೂ ಮೈಗೆ ಆನಿಸಿ ನಿಲ್ಲಿಸುವ ಸ್ಟ್ಯಾಂಡ್‌ಗಳ ಕೆಲಸ ದೋಣಿ ವಾಲದಂತೆ ತಡೆಯುವುದು ಅಷ್ಟೇ. ಕೀಲ್ ಅಡಿಗೆ ಮತ್ತಿಯಂಥ ಗಟ್ಟಿ ಮರದ ದಿಮ್ಮಿಗಳನ್ನು ಕನಿಷ್ಠ ಎರಡು ಕಡೆ, ಕೀಲ್‌ಗೆ ಅಡ್ಡಲಾಗಿ ಇಡಿ. ನೆಲದಿಂದ ಒಂದಡಿ ಎತ್ತರವಿದ್ದರೆ ಅಡಿಗೆ ಬಣ್ಣ ಹೊಡೆಯಲು ಕೈ ಹೋಗುತ್ತದೆ. ಚಿರೆಕಲ್ಲು ಬೇಡವೇ ಬೇಡ: ನೆನೆದ ಮೇಲೆ ಸಣ್ಣ ಜಾಗದಲ್ಲಿ ಭಾರ ಬಿದ್ದರೆ ಮೂಲೆ ಉದುರುತ್ತದೆ, ಒಮ್ಮೊಮ್ಮೆ ನಡುವೆಯೇ ಸೀಳುತ್ತದೆ. ಟೊಳ್ಳು ಸಿಮೆಂಟ್ ಬ್ಲಾಕ್‌ನ ಗತಿಯೂ ಅದೇ.

ಸ್ಟ್ಯಾಂಡ್ ಪ್ರತಿ ಬದಿಗೆ ಮೂರು, ಮೂತಿಯಡಿ ಇನ್ನೊಂದು. ಎಲ್ಲಿ ಆನಿಸಬೇಕೆಂದು ತಿಳಿಯಲು ಮೈಯನ್ನು ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ತಟ್ಟಿ. ಒಳಗೆ ಅಡ್ಡಗೋಡೆ ಇರುವಲ್ಲಿ ಸದ್ದು ಗಟ್ಟಿಯಾಗಿ, ಉಳಿದೆಡೆ ಡೊಳ್ಳಿನ ಹಾಗೆ ಬರುತ್ತದೆ. ಗಟ್ಟಿ ಸದ್ದಿನ ಜಾಗ ನಿಮ್ಮದು. ದೋಣಿಯ ಮೈ ಕೆಳಗೆ ಕಿರಿದಾಗುತ್ತ ಹೋಗುವುದರಿಂದ ಸ್ಟ್ಯಾಂಡ್‌ಗಳನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತದೆ. ಹಾಗಾಗಿ ಎದುರುಬದುರಿನ ಜೋಡಿಯನ್ನು ದೋಣಿಯಡಿಯಿಂದ ಸರಪಳಿಯಲ್ಲಿ ಬಿಗಿಯಲೇಬೇಕು. ಪ್ರತಿ ಕಾಲಿನಡಿ ದಪ್ಪ ಪ್ಲೈವುಡ್ ಹಾಕದಿದ್ದರೆ ಕೆಂಪುಮಣ್ಣು ಮೊದಲ ದೊಡ್ಡ ಮಳೆಗೇ ನುಂಗುತ್ತದೆ. ಸ್ಟ್ಯಾಂಡ್‌ನ ಎತ್ತರ ಹೊಂದಿಸುವ ಸ್ಕ್ರೂ ಒಂದು ಗೇಣಿಗಿಂತ ಹೆಚ್ಚು ಹೊರಬಂದಿದ್ದರೆ ಎತ್ತರದ ಸ್ಟ್ಯಾಂಡ್ ತನ್ನಿ. ಎಲ್ಲ ಬಿಗಿಯುವವರೆಗೆ ಕ್ರೇನ್ ಬೆಲ್ಟ್ ಬಿಡಬಾರದು. ಬಾಡಿಗೆ ಗಂಟೆಯ ಲೆಕ್ಕದಲ್ಲಿ ಓಡುತ್ತಿದ್ದರೂ.

ಪ್ರಶ್ನೆ: ದೋಣಿಯನ್ನು ಸ್ಟ್ಯಾಂಡ್ ಮೇಲೆ ಇಟ್ಟು ತಾಡಪತ್ರಿ ಹೊದಿಸಿ, ಹಗ್ಗಗಳನ್ನು ಸ್ಟ್ಯಾಂಡ್‌ಗಳಿಗೇ ಕಟ್ಟಿದ್ದೇವೆ. ಎರಡು ವಾರ ಮಳೆಯಾದ ಮೇಲೆ ಕ್ಯಾಬಿನ್ ಬಾಗಿಲು ಮುಚ್ಚುತ್ತಿಲ್ಲ. ಮರ ಉಬ್ಬಿದೆಯೇ?
– ಓದುಗರು, ಹೊನ್ನಾವರ

ಉತ್ತರ: ಉಬ್ಬಿರಲೂಬಹುದು, ಆದರೆ ಅಷ್ಟಕ್ಕೆ ಸಮಾಧಾನ ಮಾಡಿಕೊಳ್ಳಬೇಡಿ. ದಡದ ಮೇಲೆ ನಿಂತ ದೋಣಿಯ ಬಾಗಿಲು ಹಿಡಿಯತೊಡಗಿದರೆ ಯಾವುದೋ ಸ್ಟ್ಯಾಂಡ್ ಮೈಯನ್ನು ಒಳಕ್ಕೆ ಒತ್ತುತ್ತಿದೆ ಅಥವಾ ಕೀಲ್‌ನಡಿಯ ದಿಮ್ಮಿ ಕುಸಿದು ಭಾರ ಸ್ಟ್ಯಾಂಡ್‌ಗಳಿಗೆ ವರ್ಗವಾಗಿದೆ ಎಂದೇ ಮೊದಲು ಅನುಮಾನಿಸಿ. ಬಗ್ಗಿ ದಿಮ್ಮಿಗಳನ್ನು ನೋಡಿ. ಕೀಲ್‌ಗೂ ದಿಮ್ಮಿಗೂ ನಡುವೆ ತಗಡಿನ ಚೂರು ತೂರುತ್ತಿದ್ದರೆ ಕುಸಿದಂತೆಯೇ. ಆಗ ಸ್ಟ್ಯಾಂಡ್‌ನ ಸ್ಕ್ರೂ ತಿರುಗಿಸಿ ದೋಣಿ ಎತ್ತಲು ಹೋಗಬೇಡಿ, ಅದು ಜ್ಯಾಕ್ ಅಲ್ಲ. ಕ್ರೇನ್ ಕರೆಸಿ. ದಿಮ್ಮಿ ಸರಿಯಿದ್ದರೆ, ಒತ್ತುತ್ತಿರುವ ಸ್ಟ್ಯಾಂಡ್‌ನ ಪಕ್ಕದಲ್ಲೇ ಇನ್ನೊಂದನ್ನು ನಿಲ್ಲಿಸಿ, ಆಮೇಲೆ ಹಳೆಯದನ್ನು ಕಾಲು ಸುತ್ತಿನಂತೆ ಸಡಿಲಿಸುತ್ತ ಬಾಗಿಲು ಹಾಕಿ ನೋಡಿ.

ತಾಡಪತ್ರಿ ಹಗ್ಗವನ್ನು ಇವತ್ತೇ ಬಿಚ್ಚಿ. ಗಾಳಿಗೆ ಪತ್ರಿ ಪಟಪಟ ಬಡಿದಾಗಲೆಲ್ಲ ಹಗ್ಗ ಸ್ಟ್ಯಾಂಡನ್ನು ಜಗ್ಗುತ್ತದೆ. ಒಂದು ಕಾಲು ಜರುಗಿದರೆ ಸಾಕು, ಮಿಕ್ಕವು ಸಾಲಾಗಿ ಹೋಗುತ್ತವೆ. ಹಗ್ಗ ಒಂದು ಬದಿಯಿಂದ ದೋಣಿಯಡಿಗೆ ಹಾದು ಇನ್ನೊಂದು ಬದಿಗೆ ಬರಲಿ.

ಇನ್ನೊಂದು ಲೆಕ್ಕ. ಒಂದು ಚದರ ಮೀಟರ್ ಮೇಲೆ 100 ಮಿ.ಮೀ. ಮಳೆ ಬಿದ್ದರೆ 100 ಲೀಟರ್, ಅಂದರೆ 100 ಕಿಲೋ. ಪತ್ರಿ ಹರಿದು 3 ಚದರ ಮೀಟರ್ ಕಾಕ್‌ಪಿಟ್‌ನ (ಹಿಂಭಾಗದಲ್ಲಿ ಕೂರುವ ತೆರೆದ ತಗ್ಗು) ನೀರು ಹೋಗುವ ಕಂಡಿಗೆ ಒಣಗಿದೆಲೆ ಅಡ್ಡ ಕೂತರೆ 200 ಮಿ.ಮೀ. ಮಳೆಯ ಒಂದೇ ದಿನದಲ್ಲಿ ದೋಣಿಯ ಹಿಂಭಾಗಕ್ಕೆ 600 ಕಿಲೋ ಹೇರಿದಂತಾಯಿತು. ದೋಣಿಯ ಅಡಿಯಲ್ಲಿ ನೀರು ಬಿಡುವ ಬಿರಡೆ ಇದ್ದರೆ ಬಿಚ್ಚಿ, ಕಳೆದುಹೋಗದಂತೆ ಸ್ಟಿಯರಿಂಗ್‌ಗೆ ದಾರದಲ್ಲಿ ಕಟ್ಟಿಡಿ.

ಪ್ರಶ್ನೆ: ಸ್ಟ್ಯಾಂಡ್ ತಾಗಿರುವ ಜಾಗಗಳಿಗೆ ಬಣ್ಣ ಹಚ್ಚಲು ಸ್ಟ್ಯಾಂಡನ್ನು ಸ್ವಲ್ಪ ಹೊತ್ತು ತೆಗೆಯಬಹುದೇ?
– ಓದುಗರು, ಕುಮಟಾ

ಉತ್ತರ: ಹೆಚ್ಚುವರಿ ಸ್ಟ್ಯಾಂಡ್ ಪಕ್ಕದಲ್ಲಿ ನಿಂತು, ಬಿಗಿಯಾಗಿ, ಅದಕ್ಕೆ ಸರಪಳಿಯೂ ಬಿದ್ದ ಮೇಲೆ ಮಾತ್ರ. ಒಂದು ಸಲಕ್ಕೆ ಒಂದೇ. ಯಾರ್ಡ್‌ನವರ ಎದುರಿನಲ್ಲಿ ಮಾಡಿ.

ಪ್ರಶ್ನೆ: ನಮ್ಮದು 14 ಅಡಿಯ ಪುಟ್ಟ ಹಾಯಿದೋಣಿ, ಕೀಲ್ ಬದಲಿಗಿರುವ ನಡುಹಲಗೆಯನ್ನು ಮೇಲೆತ್ತಬಹುದು. ತೆಂಗಿನ ದಿಮ್ಮಿಗಳ ಮೇಲೆ ಉರುಳಿಸಿ ದಂಡೆಗೆ ಎಳೆಯಬಹುದೇ?
– ಓದುಗರು, ಗೋಕರ್ಣ

ಉತ್ತರ: ಎಳೆಯಬಹುದು. ನಡುಹಲಗೆಯನ್ನು ಪೂರ್ತಿ ಮೇಲೆತ್ತಿ ಕಟ್ಟಿ, ಚುಕ್ಕಾಣಿ ಕಳಚಿ. ಫೈಬರ್ ಮೈಗೆ ಒರಟು ದಿಮ್ಮಿ ಗೀರು ಹಾಕುತ್ತದೆ, ಅದಕ್ಕೆ ಹಳೆಯ ಗೋಣಿ ಸುತ್ತಿ. ಮಳೆಗಾಲದಲ್ಲಿ ಅಲೆ ಮೇಲಿನ ದಂಡೆಯನ್ನೂ ಕೊರೆಯುವುದರಿಂದ ತೆಂಗಿನ ಸಾಲಿನಿಂದ ಒಳಗೆ ತನ್ನಿ, ಆದರೆ ಕಾಯಿ ಬೀಳುವ ಮರದಡಿ ಬೇಡ. ಮಗುಚಿ, ಅಂಚುಗಳನ್ನು ಎರಡು ಹಳೆಯ ಟಯರ್ ಮೇಲೆ ಕೂರಿಸಿ, ನೆಲದಲ್ಲಿ ಹೂತ ಗೂಟಕ್ಕೆ ಕಟ್ಟಿ.