ಗಾಯ ಕಾಲಿನಲ್ಲಿ, ಕಾರಣ ಕ್ಯಾಪ್ಸೂಲಿನಲ್ಲಾ?

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮಾವನವರಿಗೆ 68 ವರ್ಷ. ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಜಾಸ್ತಿಯಾಗುವ ಕಾಯಿಲೆಗೆ ಆರು ವರ್ಷದಿಂದ ಹೈಡ್ರಾಕ್ಸಿಯೂರಿಯಾ ಎಂಬ ಕ್ಯಾಪ್ಸೂಲ್ ತೆಗೆದುಕೊಳ್ಳುತ್ತಿದ್ದಾರೆ. ಎಡಗಾಲಿನ ಹರಡಿನ ಹತ್ತಿರ, ಮೂಳೆ ಉಬ್ಬಿರುವ ಕಡೆ ಎಂಟು ತಿಂಗಳ ಹಿಂದೆ ಅಂಗಿ ಗುಂಡಿಯಷ್ಟು ಹುಣ್ಣಾಯಿತು. ಈಗ ಅರ್ಧ ಅಂಗೈಯಷ್ಟಿದೆ. ಸಕ್ಕರೆ ಕಾಯಿಲೆ ಇಲ್ಲ. ಮುಲಾಮು ಮೂರು ಸಲ ಬದಲಾಯಿತು. ‘ಕ್ಯಾಪ್ಸೂಲಿನಿಂದಲೇ ಆಗಿರಬಹುದಾ? ನಿಲ್ಲಿಸಿಬಿಡಲಾ?’ ಎಂದು ಕೇಳಿದ್ದೀರಿ.

ಆಗಿರಬಹುದು. ಆದರೆ ನೀವಾಗಿ ನಿಲ್ಲಿಸಬೇಡಿ.

ಒಂದು ತಪ್ಪು ಒಪ್ಪಿಕೊಳ್ಳುತ್ತೇನೆ. ಇದೇ ಔಷಧಿಯ ಬಗ್ಗೆ ಹಿಂದೆ ನಾವು ಒಂದು ಪುಟ ಹಾಕಿದ್ದೆವು. ಬಾಯಿಹುಣ್ಣು, ರಕ್ತಕಣ ಕಡಿಮೆಯಾಗುವುದು, ಎಲ್ಲ ಬರೆದೆವು. ಕಾಲಿನ ಹುಣ್ಣಿನ ಮಾತೇ ಇರಲಿಲ್ಲ. ಇದು ಎಲ್ಲರಿಗೂ ಆಗುವಂಥದ್ದಲ್ಲ. ಆದರೆ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ, ಅದರಲ್ಲೂ ದಿನಕ್ಕೆ 1 ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ನುಂಗುವವರಲ್ಲಿ, ಡಾಕ್ಟರುಗಳಿಗೆ ಗೊತ್ತಿರುವ ತೊಂದರೆಯೇ.

ಈ ಔಷಧಿ ಕೆಲಸ ಮಾಡುವುದೇ ಜೀವಕೋಶ ಒಡೆದು ಎರಡಾಗುವುದನ್ನು ತಡೆದು. ಡಿಎನ್‌ಎ ಕಟ್ಟಲು ಬೇಕಾದ ಒಂದು ಕಿಣ್ವವನ್ನು ಕಟ್ಟಿಹಾಕುತ್ತದೆ. ಹಾಗಾಗಿ ಪ್ಲೇಟ್‌ಲೆಟ್ ಇಳಿಯುತ್ತದೆ. ಚರ್ಮದ ತಳದಲ್ಲಿ ದಿನಾ ಹೊಸದಾಗಿ ಹುಟ್ಟುವ ಕೋಶಗಳಿಗೂ ಅದೇ ಪೆಟ್ಟು. ಹರಡಿನ ಮೇಲೆ ಚರ್ಮ ತೆಳು, ಪೆಟ್ಟು ತಗಲುವುದು ಜಾಸ್ತಿ. ಬೇರೆಯವರಿಗೆ ವಾರದಲ್ಲಿ ಮಾಯುವ ತರಚು ಇಲ್ಲಿ ಕೂತುಬಿಡುತ್ತದೆ. ಸಾಲದ್ದಕ್ಕೆ ಕೆಂಪು ರಕ್ತಕಣಗಳು ದಪ್ಪಗಾಗುತ್ತವೆ. ಕೂದಲಿಗಿಂತ ಸಣ್ಣ ರಕ್ತನಾಳಗಳಲ್ಲಿ ಅವು ಸರಾಗವಾಗಿ ನುಸುಳುವುದಿಲ್ಲ ಎನ್ನುತ್ತಾರೆ. ರಕ್ತದ ರಿಪೋರ್ಟ್‌ನಲ್ಲಿ ಎಂಸಿವಿ ಎಂಬ ಸಾಲು ನೋಡಿ, ಕೆಂಪು ಕಣಗಳ ಸರಾಸರಿ ಗಾತ್ರ ಅದು, 100 ದಾಟಿರಬಹುದು. ಅಷ್ಟಕ್ಕೇ ಗಾಬರಿ ಬೇಡ, ಈ ಔಷಧಿಯಲ್ಲಿ ಅದು ಮಾಮೂಲು.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಎರಡು ಮಾತು. ಬ್ಯಾಂಡೇಜ್ ಬಿಚ್ಚುವಾಗ ಮಾವನವರು ಮಂಚದ ಅಂಚನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಾರೆ, ರಾತ್ರಿ ಹೊದಿಕೆ ತಾಗಿದರೂ ಬೆಚ್ಚುತ್ತಾರೆ ಎಂದಿದ್ದೀರಿ. ಈ ಹುಣ್ಣಿನ ಗುರುತೇ ಅದು: ನೋಡಲು ಸಣ್ಣದಿದ್ದರೂ ನೋವು ವಿಪರೀತ. ಇನ್ನೊಂದನ್ನು ಸುಮ್ನೆ ಕೊನೆಗೆ ಸೇರಿಸಿದ್ದೀರಿ, ಉಗುರಿನ ಮೇಲೆ ಕಪ್ಪು ಗೆರೆ ಮೂಡಿದೆ ಅಂತ. ಅದೂ ಇದೇ ಔಷಧಿಯಿಂದ ಬರಬಹುದು.

ಹಾಗಂತ ಔಷಧಿಯನ್ನೇ ಅಪರಾಧಿ ಮಾಡಿ ಕೂರಬೇಡಿ. ಮೂಲ ಕಾಯಿಲೆಯೇ ಸಣ್ಣ ರಕ್ತನಾಳ ಮುಚ್ಚಿ ಹುಣ್ಣು ಮಾಡಬಹುದು. ಉಬ್ಬಿದ ರಕ್ತನಾಳದಿಂದಲೂ ಆಗುತ್ತದೆ. ಕಾಲಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡಿದ್ದರೂ ಆಗುತ್ತದೆ. ಅದಕ್ಕೇ ಬಿಗಿ ಪಟ್ಟಿ ಸುತ್ತುವ ಮೊದಲು ಕಾಲಿನ ರಕ್ತ ಓಟ ಪರೀಕ್ಷಿಸಬೇಕು. ಈ ಔಷಧಿಯಿಂದ ಚರ್ಮದ ಕ್ಯಾನ್ಸರ್ ಸಾಧ್ಯತೆಯೂ ಸ್ವಲ್ಪ ಹೆಚ್ಚುವುದರಿಂದ, ವಾಸಿಯಾಗದ ಹುಣ್ಣಿನ ಚೂರು ತೆಗೆದು ಪರೀಕ್ಷೆಗೆ ಕಳಿಸಲೂಬಹುದು.

ಈಗ ನಿಲ್ಲಿಸುವ ಮಾತು. ಕಾರಣ ಔಷಧಿಯೇ ಆಗಿದ್ದರೆ ಅದನ್ನು ಬಿಡದೆ ಹುಣ್ಣು ಮಾಯುವುದು ಕಷ್ಟ. ಬಿಟ್ಟಮೇಲೆ ವಾರಗಳೋ ತಿಂಗಳುಗಳೋ ಹಿಡಿದು ಮಾಯುತ್ತದೆ. ಯುರೋಪಿನ ತಜ್ಞರ ಮಾನದಂಡದಲ್ಲಿ, ಡೋಸ್ ಎಷ್ಟೇ ಇರಲಿ, ಕಾಲಿನ ಹುಣ್ಣು ಬಂದರೆ ‘ಈ ಔಷಧಿ ಇವರಿಗೆ ಒಗ್ಗುತ್ತಿಲ್ಲ’ ಎಂದೇ ಲೆಕ್ಕ. ಇಂಟರ್‌ಫೆರಾನ್, ಅನಾಗ್ರೆಲೈಡ್‌ನಂಥ ಬದಲಿ ಔಷಧಿಗಳಿವೆ. ಆದರೆ ಬದಲಿ ಇಲ್ಲದೆ ಒಮ್ಮೆಲೇ ಬಿಟ್ಟರೆ ಪ್ಲೇಟ್‌ಲೆಟ್ ಮತ್ತೆ ಏರಿ, ರಕ್ತ ಹೆಪ್ಪುಗಟ್ಟಿ, ಪಾರ್ಶ್ವವಾಯು ಹೊಡೆಯುವ ಅಪಾಯ ಇದೆ. ಬಿಡಿಸುವ ಕೆಲಸ ರಕ್ತದ ಡಾಕ್ಟರದ್ದೇ.

ತೊಡಕು ಇರುವುದು ಇಲ್ಲಿಯೇ, ಅಲ್ವಾ? ಗಾಯ ನೋಡುವವರು ಒಬ್ಬರು, ರಕ್ತ ನೋಡುವವರು ಇನ್ನೊಬ್ಬರು. ರಕ್ತದ ಡಾಕ್ಟರ ಮುಂದೆ ಮಾವನವರು ಪ್ಯಾಂಟ್ ಮೇಲೆತ್ತಿ ಕಾಲು ತೋರಿಸಿಯೇ ಇಲ್ಲ ಎಂದು ನೀವೇ ಬರೆದಿದ್ದೀರಿ. ಅವರ ಮುಂದಿನ ಭೇಟಿಗೆ ಇನ್ನೂ ಆರು ವಾರ ಇದೆಯಂತೆ. ಕಾಯಬೇಡಿ, ಈ ವಾರವೇ ಫೋನ್ ಮಾಡಿ. ಡ್ರೆಸಿಂಗ್ ಬದಲಿಸುವಾಗ ಸ್ಕೇಲ್ ಪಕ್ಕದಲ್ಲಿಟ್ಟು ಒಂದು ಫೋಟೋ ತೆಗೆಯಿರಿ, ದಿನಾಂಕ ಬರೆಯಿರಿ. ಹೋಗುವಾಗ ಕ್ಯಾಪ್ಸೂಲಿನ ಚೀಟಿಯೂ ಜೊತೆಗಿರಲಿ. ಅಷ್ಟರೊಳಗೆ ಜ್ವರ ಬಂದರೆ, ಸುತ್ತಲಿನ ಕೆಂಪು ಹರಡಿದರೆ, ಗಾಯ ಕಪ್ಪಾದರೆ ಅಥವಾ ವಾಸನೆ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಿ.

– ಸಂಪಾದಕ